ಟ್ಯಾಬ್‌ನ ಮುಂದಿನ ಕ್ಯಾಮೆರಾ ಹಾಳಾಗಿದೆ, ಮನೆಯಲ್ಲೇ ಬದಲಿಸಬಹುದಾ? ಯಾವ ಅಂಟು ಒಳ್ಳೆಯದು?

ಅಮ್ಮನ ಟ್ಯಾಬ್, ಕೆಳಗೆ ಬಿದ್ದ ಮೇಲೆ ವಿಡಿಯೊ ಕಾಲ್‌ನಲ್ಲಿ ಬರೀ ಕಪ್ಪು, ಹೊಸ ಕ್ಯಾಮೆರಾ ಆರ್ಡರ್ ಮಾಡಿ ಆಗಿದೆ ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆ ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ಎರಡು ವರ್ಷದ ಹಿಂದೆ ನಾನು ಮಾಡಿದ್ದೂ ಇದನ್ನೇ.

ನಮ್ಮಮ್ಮ ಇರುವುದು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ, ನಾವು ಬೆಂಗಳೂರಿನಲ್ಲಿ. ಟ್ಯಾಬ್ ಜಗಲಿ ಮೇಲಿಂದ ಬಿದ್ದಿತ್ತು. ಗಾಜಿಗೆ ಏನೂ ಆಗಿರಲಿಲ್ಲ. ಆದರೆ ಅವತ್ತಿನಿಂದ ಅಮ್ಮನಿಗೆ ನಾವು ಕಾಣುತ್ತಿದ್ದೆವು, ನಮಗೆ ಅಮ್ಮ ಕಾಣುತ್ತಿರಲಿಲ್ಲ. ನನ್ನ ಮಗನಿಗೆ ಆಗ ನಾಲ್ಕು ವರ್ಷ. 'ಅಜ್ಜಿ, ಲೈಟ್ ಹಾಕು' ಅನ್ನುತ್ತಿದ್ದ. ಪಾಪ, ಅಮ್ಮ ಎದ್ದು ಹೋಗಿ ಲೈಟ್ ಹಾಕಿ ಬರುತ್ತಿದ್ದರು.

ದೀಪಾವಳಿಗೆ ಊರಿಗೆ ಹೋದವನು ಟ್ಯಾಬ್ ತಂದೆ. ಎಸ್.ಪಿ. ರೋಡ್‌ನಲ್ಲಿ 450 ರೂಪಾಯಿ ಕೊಟ್ಟು ಕ್ಯಾಮೆರಾ ತಗೊಂಡೆ. ಯೂಟ್ಯೂಬ್‌ನಲ್ಲಿ ವಿಡಿಯೊ ನೋಡಿದೆ, ಒಂದಲ್ಲ, ಮೂರು ಸಲ. ಚಾರ್ಜ್ 25 ಪರ್ಸೆಂಟ್‌ಗಿಂತ ಕೆಳಗೆ ಇಳಿಸಿ ಸ್ವಿಚ್ ಆಫ್ ಮಾಡಿದೆ. ಹೇರ್ ಡ್ರೈಯರ್‌ನಿಂದ ಅಂಚುಗಳನ್ನು ಕೈ ತಡೆಯುವಷ್ಟೇ ಬಿಸಿ ಮಾಡಿದೆ. ಒಳಗೆ ಲಿಥಿಯಂ ಬ್ಯಾಟರಿ ಇರುತ್ತದಲ್ವಾ, ಅದಕ್ಕಿಂತ ಜಾಸ್ತಿ ಬಿಸಿ ಬೇಡ. ಹಳೆಯ ಎಟಿಎಂ ಕಾರ್ಡ್ ತೂರಿಸಿದೆ. ಅಂಟು ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂತು. ಮೇಲಿನ ಅಂಚು ಬಿಟ್ಟಿತು, ಬಲಗಡೆಯೂ ಬಿಟ್ಟಿತು. ಎಲ್ಲ ವಿಡಿಯೊದಲ್ಲಿ ಇದ್ದ ಹಾಗೇ ನಡೆಯುತ್ತಿತ್ತು.

ಎಡಗಡೆ ಅಂಚಿಗೆ ಬಂದಾಗ ಕಾರ್ಡ್ ಒಂದು ಕಡೆ ತಡೆಯಿತು. ಗಟ್ಟಿ ಅಂಟು ಇರಬೇಕು ಅಂದುಕೊಂಡು ಸ್ವಲ್ಪ ಒತ್ತಿ ತಳ್ಳಿದೆ. ಚರ್ ಅಂತ ಸಣ್ಣ ಸದ್ದು. ಆಮೇಲೆ ಕಾರ್ಡ್ ಸಲೀಸಾಗಿ ಹೋಯಿತು. ಗಾಜು ಎತ್ತಿ ನೋಡಿದರೆ, ಒಂದು ಬೆರಳು ಅಗಲದ, ಜೇನಿನ ಬಣ್ಣದ ತೆಳು ಪಟ್ಟಿ. ಅರ್ಧದವರೆಗೆ ಹರಿದಿತ್ತು. ಅದು ಟಚ್ ಫ್ಲೆಕ್ಸ್. ನೀವು ಗಾಜಿನ ಮೇಲೆ ಬೆರಳಿಟ್ಟದ್ದು ಬೋರ್ಡಿಗೆ ಗೊತ್ತಾಗುವುದೇ ಆ ಪಟ್ಟಿಯಿಂದ. ಕೂದಲಿಗಿಂತ ಸಣ್ಣ ತಾಮ್ರದ ಗೆರೆಗಳು ಅದರೊಳಗೆ ಸಾಲಾಗಿ ಇರುತ್ತವೆ. ಹರಿದರೆ ಬೆಸುಗೆ ಹಾಕಿ ಕೂಡಿಸುವಂಥದ್ದಲ್ಲ.

ತಪ್ಪು ಆಗಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಓದಿ. ನಾನು ನೋಡಿದ ವಿಡಿಯೊ ಬೇರೆ ಟ್ಯಾಬ್‌ದು. ಹೆಸರು ಅದೇ, ಗಾತ್ರ ಅದೇ, ಹಿಂದಿನ ಕವರ್ ಬಣ್ಣವೂ ಅದೇ. ಆದರೆ ಅದು ಬರೀ ವೈಫೈ ಇರುವುದು, ಅಮ್ಮನದು ಸಿಮ್ ಹಾಕುವಂಥದ್ದು. ಅದರಲ್ಲಿ ಟಚ್ ಫ್ಲೆಕ್ಸ್ ಕೆಳಗಡೆ ಇತ್ತು, ಇದರಲ್ಲಿ ಎಡಗಡೆ. ವಿಡಿಯೊದವರು 'ಎಡಗಡೆ ಏನೂ ಇಲ್ಲ, ಧೈರ್ಯವಾಗಿ ಎಳೆಯಿರಿ' ಅಂದಿದ್ದರು. ಅವರ ಟ್ಯಾಬ್‌ಗೆ ಆ ಮಾತು ಸರಿಯೇ. ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮಾಡೆಲ್ ನಂಬರ್ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ 'ಅಬೌಟ್ ಟ್ಯಾಬ್ಲೆಟ್' ಒತ್ತಿದರೂ ಸಿಗುತ್ತದೆ. ಆ ಎರಡು ಟ್ಯಾಬ್‌ಗಳ ನಂಬರ್‌ನಲ್ಲಿ ಕೊನೆಯ ಒಂದೇ ಒಂದು ಅಂಕಿ ಬೇರೆ. ನಾನು ಹೆಸರು ನೋಡಿದೆ, ನಂಬರ್ ನೋಡಲಿಲ್ಲ. ಮೂರು ಸಲ ವಿಡಿಯೊ ನೋಡುವ ಬದಲು ಒಂದು ಸಲ ಟ್ಯಾಬ್ ತಿರುಗಿಸಿ ನೋಡಿದ್ದರೆ ಆಗುತ್ತಿತ್ತು. ಇನ್ನೊಂದು, ಕಾರ್ಡ್ ತಡೆದ ಜಾಗದಲ್ಲಿ ತಳ್ಳಲೇಬಾರದಿತ್ತು. ತೆಗೆದು, ಮತ್ತೆ ಬಿಸಿ ಮಾಡಿ, ಅಂಟಿನ ಪಟ್ಟಿ ಎಷ್ಟು ಅಗಲವೋ ಅಷ್ಟೇ ಆಳಕ್ಕೆ ಕಾರ್ಡ್ ಹಾಕಬೇಕಿತ್ತು.

ಇದಕ್ಕಿಂತ ಬೇಜಾರಿನ ವಿಷಯ ಇನ್ನೊಂದಿದೆ. ಬ್ಯಾಟರಿ ಕನೆಕ್ಟರ್ (ಬೋರ್ಡಿಗೆ ಸಿಕ್ಕಿಸುವ ತುದಿ) ಬಿಚ್ಚಿ ಕ್ಯಾಮೆರಾ ಹತ್ತಿರ ನೋಡಿದರೆ, ಅದರ ಕನೆಕ್ಟರ್ ಒಂದು ಬದಿಯಲ್ಲಿ ಮೇಲೆದ್ದಿತ್ತು. ಬಿದ್ದಾಗ ಸಡಿಲವಾಗಿದೆ, ಅಷ್ಟೇ. ಉಗುರಿನಿಂದ ಒತ್ತಿದೆ, ಟಕ್ ಅಂತ ಕೂತಿತು. ಬ್ಯಾಟರಿ ಮತ್ತೆ ಜೋಡಿಸಿ ಆನ್ ಮಾಡಿದೆ. ಎಷ್ಟು ಒತ್ತಿದರೂ ಟಚ್ ಇಲ್ಲ. ಒಟಿಜಿ ಕೇಬಲ್‌ಗೆ ಮೌಸ್ ಸಿಕ್ಕಿಸಿ ಕ್ಯಾಮೆರಾ ತೆರೆದೆ. ನನ್ನ ಮುಖ ಸ್ಪಷ್ಟವಾಗಿ ಕಾಣಿಸಿತು. ಹಳೆಯ ಕ್ಯಾಮೆರಾ ಚೆನ್ನಾಗಿಯೇ ಇತ್ತು. ಹೊಸದು ಇವತ್ತಿಗೂ ಕವರ್ ಸಮೇತ ನನ್ನ ಡ್ರಾದಲ್ಲಿದೆ.

ಆ ಟ್ಯಾಬ್‌ನಲ್ಲಿ ಟಚ್ ಗಾಜು ಮತ್ತು ಡಿಸ್‌ಪ್ಲೇ ಒಂದಕ್ಕೊಂದು ಅಂಟಿಕೊಂಡಿರುವ ಕಾಂಬೊ. ಟಚ್ ಒಂದನ್ನೇ ಹಾಕಿಸಲು ಆಗಲಿಲ್ಲ. ಕೂಲಿ ಸೇರಿ 4,200 ರೂಪಾಯಿ ಆಯಿತು. ಅದು ಸಿಗುವವರೆಗೆ ಮೂರು ವಾರ ಅಮ್ಮನ ಜೊತೆ ಬರೀ ಫೋನ್‌ನಲ್ಲೇ ಮಾತು.

ಹಾಗಾಗಿ ನಿಮ್ಮ ಅಂಟಿನ ಪ್ರಶ್ನೆ ಈಗಲೇ ಬೇಡ ಅನ್ನುತ್ತೇನೆ. ಕ್ಯಾಮೆರಾ ಹಾಳಾಗಿದೆ ಅಂತ ನಿಮಗೆ ಹೇಳಿದ್ದು ಯಾರು? ಮೊದಲು ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಕ್ಯಾಮೆರಾ ಪರ್ಮಿಷನ್ ಇದೆಯಾ ನೋಡಿ. ಹೊಸ ಆಂಡ್ರಾಯ್ಡ್‌ಗಳಲ್ಲಿ ಮೇಲಿಂದ ಎಳೆದರೆ ಬರುವ ಬಟನ್‌ಗಳಲ್ಲಿ ಕ್ಯಾಮೆರಾ ಪೂರ್ತಿ ಬಂದ್ ಮಾಡುವುದೂ ಒಂದಿದೆ. ವಯಸ್ಸಾದವರ ಕೈ ತಗುಲಿ ಅದು ಆಫ್ ಆಗಿರುವುದುಂಟು. ಸ್ಕ್ರೀನ್ ಗಾರ್ಡ್ ಕ್ಯಾಮೆರಾಗೆ ಅಡ್ಡ ಬಂದಿದೆಯಾ ನೋಡಿ. ಸೇಫ್ ಮೋಡ್‌ನಲ್ಲಿ, ಅಂದರೆ ನಾವು ಹಾಕಿಕೊಂಡ ಆ್ಯಪ್‌ಗಳು ಓಡದ ಹಾಗೆ ಟ್ಯಾಬ್ ಆನ್ ಮಾಡಿ, ಟ್ಯಾಬ್‌ನದೇ ಕ್ಯಾಮೆರಾ ಆ್ಯಪ್ ತೆರೆಯಿರಿ. ಅಲ್ಲಿಯೂ ಕಪ್ಪಾದರೆ ಕ್ಯಾಮೆರಾ ಇರುವ ಜಾಗವನ್ನು ಹಿಂದಿನಿಂದ ಮೆಲ್ಲಗೆ ತಟ್ಟಿ. ಚಿತ್ರ ಒಮ್ಮೆ ಬಂದು ಹೋದರೂ ಸಾಕು, ಅದು ಹೆಚ್ಚಾಗಿ ಕನೆಕ್ಟರ್ ಸಡಿಲ. ಅಂಗಡಿಯವರಿಗೆ 'ಕ್ಯಾಮೆರಾ ಹಾಕಿಕೊಡಿ' ಅನ್ನಬೇಡಿ, 'ಬಿಚ್ಚಿ ಕನೆಕ್ಟರ್ ಒತ್ತಿ ನೋಡಿ' ಅನ್ನಿ. ಕೂಲಿ ಮಾತ್ರ ಆಗುತ್ತದೆ.

ನನ್ನನ್ನು ಕೇಳಿದರೆ ಅಮ್ಮನ ಟ್ಯಾಬ್ ಮೇಲೆ ಕೈ ಪಳಗಿಸಬೇಡಿ. ಕ್ಯಾಮೆರಾ ಬದಲಿಸುವುದು ಎರಡು ನಿಮಿಷದ ಕೆಲಸ, ಅದು ಯಾರಿಗಾದರೂ ಬರುತ್ತದೆ. ಕಷ್ಟ ಇರುವುದು ಗಾಜು ಬಿಚ್ಚುವುದರಲ್ಲಿ. ಅದನ್ನು ಕೆಟ್ಟು ಮೂಲೆಗೆ ಬಿದ್ದ ಟ್ಯಾಬ್ ಮೇಲೆ ಕಲಿಯಿರಿ.

ಕೊನೆಗೂ ನೀವೇ ಬಿಚ್ಚಿದರೆ, ವಾಪಸ್ ಅಂಟಿಸಲು ಬಿ-7000 ಅಥವಾ ಟಿ-7000 ಸಾಕು. ಸೂಪರ್ ಗ್ಲೂ ಮಾತ್ರ ಬೇಡವೇ ಬೇಡ. ಅದರ ಹಬೆ ಲೆನ್ಸ್ ಮೇಲೆ ಬೆಳ್ಳಗೆ ಕೂತುಬಿಡುತ್ತದೆ. ಅಂಟಿಸುವ ಮೊದಲೇ ಆನ್ ಮಾಡಿ ಟಚ್, ಕ್ಯಾಮೆರಾ ಎರಡನ್ನೂ ನೋಡಿ.

ಅದಕ್ಕೂ ಮೊದಲು ಟ್ಯಾಬ್ ತಿರುಗಿಸಿ, ಮಾಡೆಲ್ ನಂಬರ್ ಪೂರ್ತಿ, ಕೊನೆಯ ಅಂಕಿವರೆಗೆ ಇಲ್ಲಿ ಬರೆಯಿರಿ. ಅದೇ ನಂಬರ್‌ನ ಟ್ಯಾಬ್ ಬಿಚ್ಚಿದ ಫೋಟೋ ಹುಡುಕಿ, ಫ್ಲೆಕ್ಸ್ ಯಾವ ಕಡೆ ಇದೆ ಅಂತ ನಾನೇ ನೋಡಿ ಹೇಳುತ್ತೇನೆ.