1903ರ ಕೊಲ್ಲಿ ಯಾತ್ರೆಯಲ್ಲಿ ಲಾರ್ಡ್ ಕರ್ಜನ್ ಹಡಗಿನ ಮೇಲೆ ದರ್ಬಾರು ನಡೆಸಿದ್ದೇಕೆ? ಆ ಯಾತ್ರೆಯ ಹಳೆಯ ಚಿತ್ರಗಳನ್ನು ಹೇಗೆ ನೋಡಬೇಕು?

ಪರ್ಷಿಯನ್ ಕೊಲ್ಲಿಯಲ್ಲಿ ಬ್ರಿಟಿಷರ ಅಧಿಕಾರ ನಿಂತಿದ್ದುದು ನೌಕಾಬಲದ ಮೇಲೆ. ಅದನ್ನು ಅರಬ್ ಶೇಖರಿಗೂ ಪ್ರತಿಸ್ಪರ್ಧಿ ರಾಷ್ಟ್ರಗಳಿಗೂ ತೋರಿಸುವುದೇ ಭಾರತದ ವೈಸರಾಯ್ ಕರ್ಜನ್‌ನ ಯಾತ್ರೆಯ ಉದ್ದೇಶವಾಗಿತ್ತು.

ಬೇರೆ ಯಾವ ರಾಷ್ಟ್ರದೊಡನೆಯೂ ಸಂಬಂಧ ಬೆಳೆಸುವುದಿಲ್ಲವೆಂದು ಕೊಲ್ಲಿಯ ಅರಬ್ ತೀರದ ಶೇಖರು 1892ರಲ್ಲಿಯೇ ಬ್ರಿಟಿಷರಿಗೆ ಬರೆದುಕೊಟ್ಟಿದ್ದರು. ಆದರೆ ರಷ್ಯಾ, ಜರ್ಮನಿ, ಫ್ರಾನ್ಸ್‌ಗಳ ಆಸಕ್ತಿ ಹೆಚ್ಚುತ್ತಿದ್ದುದರಿಂದ ಆ ಕಟ್ಟುಪಾಡನ್ನು ಬಹಿರಂಗವಾಗಿ ನೆನಪಿಸುವ ಅಗತ್ಯ ಬಿತ್ತು. ಹಾಗಾಗಿ 1903ರ ನವೆಂಬರ್ 21ರಂದು ಶಾರ್ಜಾದ ಎದುರು ಲಂಗರು ಹಾಕಿದ್ದ 'ಆರ್ಗೋನಾಟ್' ಯುದ್ಧನೌಕೆಯ ಮೇಲೆ, ಎಂದರೆ ಕರ್ಜನ್‌ನದೇ ನೆಲೆಯಲ್ಲಿ, ಶೇಖರನ್ನು ಕರೆಸಿ ದರ್ಬಾರು ನಡೆಸಲಾಯಿತು. ಯಾರು ಯಾರ ಬಳಿಗೆ ಹೋದರು ಎಂಬುದೇ ಇಲ್ಲಿ ಮುಖ್ಯ.

ಇಂಥ ಯಾತ್ರೆಯ ಛಾಯಾಚಿತ್ರಗಳನ್ನು ಪ್ರವಾಸದ ನೆನಪುಗಳೆಂದು ನೋಡಿದರೆ ಅರ್ಧ ಅರ್ಥ ತಪ್ಪಿಹೋಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಆಸನಗಳ ಕ್ರಮ, ಸಮವಸ್ತ್ರ, ಹಿನ್ನೆಲೆಯ ಫಿರಂಗಿ ಎಲ್ಲವೂ ರಾಜಕೀಯವೇ. ಚಿತ್ರಗಳು ಹೇಳದ ಸಂಗತಿಗಳೂ ಇವೆ. ಪರ್ಷಿಯಾದ (ಇಂದಿನ ಇರಾನ್) ಬಂದರಾದ ಬುಶೇರ್‌ನಲ್ಲಿ ಮೊದಲು ಯಾರು ಯಾರನ್ನು ಭೇಟಿಯಾಗಬೇಕೆಂಬ ಶಿಷ್ಟಾಚಾರದ ವಿವಾದವೆದ್ದು, ಕರ್ಜನ್ ದಡಕ್ಕಿಳಿಯದೆಯೇ ಮುಂದೆ ಸಾಗಿದ. ಇದನ್ನು ತಿಳಿಯಲು ಆ ಕಾಲದ ಪತ್ರವ್ಯವಹಾರವನ್ನೇ ಓದಬೇಕಾಗುತ್ತದೆ.