ನೋವು ಜಾಗ ಬದಲಿಸಿದಾಗ

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

58ರ ರೈತ. ಅನ್ನನಾಳದ ಕ್ಯಾನ್ಸರ್. ಪ್ರತಿ ಸೋಮವಾರ ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೋಪ್ಲಾಟಿನ್ ಕೀಮೋ. ಜೊತೆಗೆ ವಾರಕ್ಕೆ 5 ದಿನ ರೇಡಿಯೇಷನ್. ಮೂರನೇ ವಾರ ಹೆಂಡತಿ ನನ್ನ ಹತ್ತಿರ ಕರೆತಂದರು. "ರಾತ್ರಿ ಎದ್ದು ಕೂತಿರ್ತಾರೆ ಮೇಡಂ. ಕೇಳಿದ್ರೆ ಏನಿಲ್ಲ ಅಂತಾರೆ."

ಆಕೆ ಹೊರಗೆ ಹೋದ ಮೇಲೆ ಬಾಯಿಬಿಟ್ಟರು. "ಮೊದಲು ನುಂಗುವಾಗ ಎದೇಲಿ ಮಾತ್ರ ಹಿಡಿಯೋದು. ಈಗ ತೊಡೆ, ಮಂಡಿ ಎಲ್ಲಾ ನೋವು. ಗಂಟಲು ಉರಿ. ಮೈಯೆಲ್ಲ ಹರಡಿದೆ ಅಲ್ವಾ? ಹೇಳಿದ್ರೆ ಕೀಮೋ ನಿಲ್ಲಿಸಿಬಿಡ್ತಾರೆ."

ಈ ಎರಡು ಭಯವನ್ನೂ ನಾನು ತುಂಬ ಜನರಲ್ಲಿ ಕಂಡಿದ್ದೇನೆ. ಒಂದೇ ಪ್ರಶ್ನೆ ಕೇಳಿದೆ: ಕಾಲು ನೋವು ವಾರದ ಯಾವ ದಿನ ಶುರುವಾಗುತ್ತೆ? ಯೋಚಿಸಿ ಹೇಳಿದರು, ಬುಧವಾರ. ಶನಿವಾರದ ಹೊತ್ತಿಗೆ ಕಮ್ಮಿ. ಪ್ರತಿ ಸಲವೂ ಹಾಗೇ. ಪ್ಯಾಕ್ಲಿಟ್ಯಾಕ್ಸೆಲ್ ಹಾಕಿದ ಒಂದೆರಡು ದಿನಕ್ಕೆ ಇಂಥ ನೋವು ಬರುವುದುಂಟು, ವಾರದೊಳಗೆ ಇಳಿಯುವುದೂ ಉಂಟು. ರೇಡಿಯೇಷನ್ನಿನ ಗಂಟಲುರಿಯೂ ಹೆಚ್ಚಾಗಿ ಏಳುವುದು ಎರಡು, ಮೂರನೇ ವಾರದಲ್ಲೇ. ಆದರೆ ಖಚಿತ ಮಾಡಬೇಕಾದವರು ಡಾಕ್ಟರು, ನಾನಲ್ಲ. ಮುಚ್ಚಿಟ್ಟರೆ ಅವರಾದರೂ ಏನು ಮಾಡಿಯಾರು?

ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೀತೀರಲ್ಲ, ಹಾಗೇ ನೋವನ್ನೂ ಬರೆಯಿರಿ ಅಂದೆ. ಎಲ್ಲಿ, ಯಾವಾಗ, 10ಕ್ಕೆ ಎಷ್ಟು. ಅಂಗಡಿಯಿಂದ ನೋವಿನ ಮಾತ್ರೆ ಸುಮ್ನೆ ತಂದು ನುಂಗಬೇಡಿ. ಕೆಲವು ಕಿಡ್ನಿಗೆ ಭಾರ, ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಯಾರಸಿಟಮಾಲ್ ಕೂಡ ಜ್ವರವನ್ನು ಮರೆಮಾಡಬಹುದು. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಎದೆಯಲ್ಲಿ ಹಠಾತ್ ನೋವು, ಉಸಿರು ಕಟ್ಟುವುದು, ರಕ್ತವಾಂತಿ, ಕಪ್ಪು ಮಲ, ಎಂಜಲೂ ಇಳಿಯದಿರುವುದು, ಇದ್ಯಾವುದಕ್ಕೂ ಕ್ಯಾಲೆಂಡರ್ ಬೇಡ, ತಕ್ಷಣ ಹೋಗಿ.

ಅವತ್ತೇ ಡಾಕ್ಟರು ಸ್ವಲ್ಪ ಮಾರ್ಫಿನ್ ಬರೆದುಕೊಟ್ಟರು. ರೈತರು ಚೀಟಿ ಹಿಡಿದು ಮತ್ತೆ ನನ್ನ ಹತ್ತಿರ ಬಂದರು. "ಇದು ಸಾಯೋರಿಗೆ ಕೊಡೋದಲ್ವಾ?" ಅಲ್ಲ. ಇದನ್ನು ಕೊಡುವುದು ನೋವು ಎಷ್ಟಿದೆ ಅಂತ ನೋಡಿ, ಆಯಸ್ಸು ನೋಡಿ ಅಲ್ಲ. ನೋವು ತಗ್ಗಿದರೆ ಡಾಕ್ಟರೇ ಮೆಲ್ಲಗೆ ಇಳಿಸುತ್ತಾರೆ. ಮಲ ಕಟ್ಟುವುದು ಮಾತ್ರ ಹೆಚ್ಚೂಕಮ್ಮಿ ಗ್ಯಾರಂಟಿ. ಅದಕ್ಕೆ ಕೊಟ್ಟ ಔಷಧಿಯನ್ನು ಮೊದಲ ದಿನದಿಂದಲೇ ತಗೊಳ್ಳಿ ಅಂದೆ.

ಮುಂದಿನ ಸೋಮವಾರ ಕ್ಯಾಲೆಂಡರಿನ ಹಾಳೆ ಮಡಿಚಿ ತಂದಿದ್ದರು. ಅಕ್ಷರ ಹೆಂಡತಿಯದು. ಬುಧವಾರದ ಮನೆಯಲ್ಲಿ 'ಕಾಲು 6'. ಶುಕ್ರವಾರ 'ಕಾಲು 3, ಗಂಟಲು 7'. ಅದನ್ನು ನೋಡಿ ಡಾಕ್ಟರು ಊಟಕ್ಕೆ ಮುಂಚೆ ಗಂಟಲು ಮರಗಟ್ಟಿಸುವ ಸಿರಪ್ಪೊಂದನ್ನು ಸೇರಿಸಿದರು. ಆ ವಾರದ ಕೀಮೋ ನಿಲ್ಲಲಿಲ್ಲ.