ಕಥೆಯ ನರಿ ಸುಳ್ಳು ಕಲಿಸುತ್ತಾ?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಕಾಫಿ ತೋಟ. ರಾತ್ರಿ 7 ವರ್ಷದ ಮಗಳಿಗೆ ಕಥೆ ಓದುತ್ತೇನೆ. ಅದರಲ್ಲಿ ನರಿ ಮೋಸ ಮಾಡುತ್ತದೆ, ಹಾವು ಹಾಲು ಕುಡಿಯುತ್ತದೆ. ಕಾಡು, ಪ್ರಾಣಿಗಳ ಬಗ್ಗೆ ತಪ್ಪು ಕಲಿಸಿದ ಹಾಗೆ ಆಗಲ್ವಾ? ಮಾಹಿತಿ ಪುಸ್ತಕ ಓದಲೇ? ಅಣ್ಣನಿಗೆ 11, ಅವನಿಗೇನು ಓದಲಿ?

ಉತ್ತರ: ಕಥೆ ಬಿಡಬೇಡಿ. ನರಿ ಮಾತಾಡಲ್ಲ ಅಂತ ನಿಮ್ಮ ಮಗಳಿಗೆ ಚೆನ್ನಾಗಿಯೇ ಗೊತ್ತು. ಹಾಲಿನ ವಿಷಯ ಮಾತ್ರ ಬೇರೆ. ಅದನ್ನು ದೊಡ್ಡವರೇ ನಂಬಿ ಹುತ್ತಕ್ಕೆ ಹಾಲೆರೆಯುತ್ತೇವಲ್ಲ! ಹಾವಿಗೆ ಬೇಕಾದ್ದು ಇಲಿ, ಕಪ್ಪೆ ಅಂತ ಒಂದು ಮಾತು ಹೇಳಿ. ಕಥೆ ಮುಗಿದ ಮೇಲೆ, ನಡುವೆ ಅಲ್ಲ. ನಾನು ಮೇಷ್ಟ್ರಾದ ಹೊಸತರಲ್ಲಿ ಬಾವಿಗೆ ಬಿದ್ದ ಕಪ್ಪೆಯ ಕಥೆ ನಿಲ್ಲಿಸಿ, ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ ಅಂತ ಪಾಠ ಶುರು ಮಾಡಿದ್ದೆ. ಹಿಂದಿನ ಬೆಂಚಿನ ಹುಡುಗ, ‘ಸಾರ್, ಅದು ಮೇಲೆ ಬಂತಾ ಇಲ್ವಾ, ಅಷ್ಟು ಹೇಳಿ’ ಅಂದ.

ಕಥೆ ರಾತ್ರಿ ಇರಲಿ, ನೋಡುವುದು ಬೆಳಿಗ್ಗೆ. ಕಾಫಿ ಹಣ್ಣಾಗುವ ಹೊತ್ತಿಗೆ ತೋಟದ ಬಂಡೆ ಮೇಲೋ, ಬಿದ್ದ ಮರದ ಮೇಲೋ ಪುನುಗು ಬೆಕ್ಕಿನ ಹಿಕ್ಕೆ ಸಿಗುತ್ತದೆ. ಕಡ್ಡಿಯಿಂದ ಬಿಡಿಸಿ ನೋಡಿ, ಜಾಸ್ತಿ ಕಾಫಿ ಬೀಜವೇ. ಹಣ್ಣಿನ ತಿರುಳು ಅದರ ಹೊಟ್ಟೆಗೆ, ಬೀಜ ಇಡಿಯಾಗಿ ಹೊರಗೆ. ‘ರಾತ್ರಿ ಯಾರು ಬಂದಿದ್ರು?’ ಅಂತ ಕೇಳಿ ಸುಮ್ನಿದ್ದುಬಿಡಿ. ಬೀಜ ಎಣಿಸುತ್ತಾ ಕಳ್ಳನ ಕಥೆಯನ್ನು ಅವಳೇ ಕಟ್ಟುತ್ತಾಳೆ. ಆ ಕಥೆಯಲ್ಲಿ ತಪ್ಪಿದ್ದರೂ ಅವತ್ತೇ ತಿದ್ದಬೇಡಿ.

ಅಣ್ಣನಿಗೆ ತೇಜಸ್ವಿಯವರ ‘ಕರ್ವಾಲೊ’ ಓದಿ, ದಿನಕ್ಕೊಂದಿಷ್ಟು. 1980ರ ಕಾದಂಬರಿ, ನಡೆಯುವುದು ಮೂಡಿಗೆರೆ ಕಡೆ. ಆದರೆ ಅಲ್ಲಿ ಅವರೆಲ್ಲ ಕಾಡು ಅಲೆದು ಹುಡುಕುವ ಹಾರುವ ಓತಿ ಕೊಡಗಿನ ಅಡಿಕೆ ಮರಗಳಲ್ಲೂ ಇದೆ! ತೊಗಟೆಯದೇ ಬಣ್ಣ, ಸುಲಭಕ್ಕೆ ಕಾಣಲ್ಲ. ಗಂಡು ಗಂಟಲ ಕೆಳಗಿನ ಹಳದಿ ಚರ್ಮವನ್ನು ಬಾವುಟದ ಹಾಗೆ ಆಡಿಸಿದಾಗ ಸಿಕ್ಕಿಬೀಳುತ್ತದೆ. ಹೆಸರಿಗೆ ಹಾರುವುದು, ನಿಜಕ್ಕೂ ಪಕ್ಕೆಲುಬು ಅಗಲಿಸಿ, ಚರ್ಮ ಹರಡಿ, ಮರದಿಂದ ಮರಕ್ಕೆ ತೇಲುವುದು. ಇದನ್ನು ಮೊದಲೇ ಹೇಳಿ ಕಥೆ ಕೆಡಿಸಬೇಡಿ. ಪುಸ್ತಕ ಮುಗಿಯಲಿ, ಆಮೇಲೆ ಇಬ್ಬರೂ ಅಡಿಕೆ ಮರದ ಬುಡದಲ್ಲಿ ಕತ್ತೆತ್ತಿ ನಿಂತುಕೊಳ್ಳಿ.

ಓದುವುದಕ್ಕೆ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಷ್ಟು ಒಳ್ಳೆ ಕಾಲ ಇನ್ನೊಂದಿಲ್ಲ. ಕರೆಂಟೂ ಇರಲ್ಲ, ಹೊರಗೂ ಹೋಗುವ ಹಾಗಿಲ್ಲ. ಹೆಂಚಿನ ಸದ್ದಿಗಿಂತ ಸ್ವಲ್ಪ ಜೋರಾಗಿ ಓದಬೇಕು, ಅಷ್ಟೇ. ಇನ್ನು ತೋಟಕ್ಕೆ ಇಳಿಯುವ ಮುಂಚೆ ಲೈನ್‌ಮನೆಯಲ್ಲಿರುವ ತೋಟದ ಕೆಲಸದವರನ್ನು ಒಂದು ಮಾತು ಕೇಳಿ. ಆನೆ ಬಂದಿದೆ ಅಂದರೆ ಆ ದಿನ ಇನ್ನೊಂದು ಅಧ್ಯಾಯ ಓದಿ.